ಹದ್ದುಗಣ್ಣಿಗೊಂದು ಹೊಸ ಲ್ಯಾಪ್‌ಟಾಪ್

ಆಕಾಶದಲ್ಲಿ ಹಾರುವ ವಿಮಾನದೊಳಗೆ ಕೂತವನು ಆ ದಿನ ಬೆಳಿಗ್ಗೆ ಗಡ್ಡ ಕೆರೆದುಕೊಂಡಿದ್ದಾನೋ ಇಲ್ಲವೋ ಎಂಬುದನ್ನು ತನ್ನ ಮನೆಯ ಮೆಟ್ಟಿಲ ಮೇಲೆ ನಿಂತೇ ಹೇಳಬಲ್ಲ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಒಬ್ಬ. ಹಳೆಯ ಫೋಟೋಗಳನ್ನು ಹೊಸದರಂತೆ ಮಾಡಿಕೊಡುವುದು ಅವನ ಕಸುಬು. ಬೀದಿಯ ಜನ ಅವನಿಗೆ ಹದ್ದುಗಣ್ಣು ಎಂದು ಹೆಸರಿಟ್ಟಿದ್ದರು. ಅಥವಾ ಅವನೇ ಇಟ್ಟುಕೊಂಡು ಬೀದಿಯವರ ಬಾಯಿಗೆ ಹಾಕಿದ್ದ. ಆ ವಿಷಯದಲ್ಲಿ ಎರಡು ಮಾತಿದೆ. ಹಿಂದೊಮ್ಮೆ ಕಣ್ಣಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ಓದಲು ಹೇಳಿದಾಗ ಅವನು ಎಲ್ಲಕ್ಕಿಂತ ಕೆಳಗಿನ ಸಾಲನ್ನು ಓದಿ, ಅದರ ಅಡಿಯಲ್ಲಿದ್ದ ಪ್ರೆಸ್ಸಿನ ವಿಳಾಸವನ್ನೂ ಓದಿ, ಹೊರಗೆ ಕಾಯುತ್ತಿದ್ದವರ ಕೈಯಲ್ಲಿದ್ದ ಚೀಟಿಗಳನ್ನೂ ಓದಿಬಿಟ್ಟನಂತೆ. ಡಾಕ್ಟರು ತಮ್ಮ ಕನ್ನಡಕ ಬಿಚ್ಚಿ ಅವನ ಕಾಲ ಬಳಿ ಇಡುವುದೊಂದು ಬಾಕಿಯಿತ್ತಂತೆ.

ಇಂಥ ಕಣ್ಣಿನವನಿಗೆ ಗಂಟುಬಿದ್ದಿದ್ದು ಎಂಥ ಲ್ಯಾಪ್‌ಟಾಪ್ ಎಂದರೆ, ಅದರ ಗುಂಡಿ ಒತ್ತಿ ಸ್ನಾನಕ್ಕೆ ಹೋಗಿ, ಸಂತೆಗೆ ಹೋಗಿ, ದೂರದ ನೆಂಟರ ಮನೆಗೆ ಹೋಗಿ ಅವರೊಂದಿಗೆ ಜಗಳವಾಡಿ ರಾಜಿಯಾಗಿ ತಿರುಗಿ ಬಂದರೂ ಅದು ಇನ್ನೂ ಕಣ್ಣುಜ್ಜಿಕೊಳ್ಳುತ್ತಲೇ ಇರುತ್ತಿತ್ತು. ಅದರ ಫ್ಯಾನು ತಿರುಗಿದರೆ ಪಕ್ಕದ ಮನೆಯವರು ಒಣಹಾಕಿದ ಬಟ್ಟೆ ಒಳಗೆ ತಂದುಕೊಳ್ಳುತ್ತಿದ್ದರು. ಹೀಗೆಂದು ಅವನು ಹೇಳುತ್ತಿದ್ದ. ನಿಜ ಬೇಕೆಂದರೆ, ಅವನು ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟರಲ್ಲಿ ಅದು ಎದ್ದು ಕೂತು ಕೆಲಸಕ್ಕೆ ಸಿದ್ಧವಾಗಿರುತ್ತಿತ್ತು.

ಲ್ಯಾಪ್‌ಟಾಪಿನ ಮೇಲೆ ಇಷ್ಟು ದೂರು ಹೇರಲು ಕಾರಣವಿತ್ತು. ಕೆಲವು ಕಾಲದಿಂದ ಅವನು ಮಾಡಿಕೊಟ್ಟ ಫೋಟೋಗಳು ಹಿಂದಕ್ಕೆ ಬರುತ್ತಿದ್ದವು. ಒಬ್ಬ ಬಡಗಿ ತನ್ನ ಮಗಳ ಚಿಕ್ಕಂದಿನ ಫೋಟೋ ತಂದುಕೊಟ್ಟಿದ್ದ. ಮಗುವಿನ ಕೆನ್ನೆಯ ಗುಳಿಯನ್ನು ಹದ್ದುಗಣ್ಣು ಕಾಗದದ ಮಡಿಕೆಯೆಂದುಕೊಂಡು ರಸ್ತೆಯ ಹಳ್ಳ ಮುಚ್ಚಿದಂತೆ ನೀಟಾಗಿ ಮುಚ್ಚಿಬಿಟ್ಟ. ಇನ್ನೊಬ್ಬರ ತಾತನ ಕನ್ನಡಕದ ಒಂದು ಕಡ್ಡಿ ಗೀರುಗಳ ಜೊತೆ ಮಾಯವಾಯಿತು. ಆ ತಾತ ಈಗ ಒಂದೇ ಕಿವಿಯ ಆಧಾರದ ಮೇಲೆ ಲೋಕ ನೋಡುತ್ತಿದ್ದರು. ಬಂದವರಿಗೆಲ್ಲ ಅವನು ಲ್ಯಾಪ್‌ಟಾಪನ್ನು ತೋರಿಸುತ್ತಿದ್ದ. ಪರದೆ ಮಂಕಾಗಿದೆ, ಬಣ್ಣ ಸುಳ್ಳು ಹೇಳುತ್ತದೆ, ಮೌಸ್ ಎಡಕ್ಕೆಂದರೆ ಬಲಕ್ಕೆ ಹೋಗುತ್ತದೆ. ಇಂಥ ದರಿದ್ರದಲ್ಲಿ ಇಷ್ಟಾದರೂ ಮಾಡುತ್ತಿರುವುದು ನನ್ನ ಕಣ್ಣಿನ ಪುಣ್ಯ ಎಂದು ಸೇರಿಸುವುದನ್ನೂ ಮರೆಯುತ್ತಿರಲಿಲ್ಲ.

ಮಂಕಾದದ್ದು ಪರದೆಯಲ್ಲ ಎಂಬುದು ಅವನಿಗೊಬ್ಬನಿಗೆ ಗೊತ್ತಿತ್ತು. ಒಂದು ದಿನ ಬೆಳಿಗ್ಗೆ ಅವನು ಪರದೆಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದ. ಮಂಜು ಹೋಗಲಿಲ್ಲ. ಇನ್ನೊಮ್ಮೆ ಒರೆಸಿದ. ಆಮೇಲೆ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದರೆ ಅದರ ಮೇಲೂ ಅದೇ ಮಂಜು ಕೂತಿತ್ತು. ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ನಿಂತಿದ್ದ. ಹೆಂಡತಿ ಬಂದು ಏನ್ ನೋಡ್ತಿದ್ದೀರಿ ಎಂದಾಗ, ಗಡಿಯಾರದ ಹಿಂದೆ ಹಲ್ಲಿ ಮೊಟ್ಟೆ ಇಟ್ಟಿದೆ, ಮೂರನೆಯದರಲ್ಲಿ ಸಣ್ಣ ಬಿರುಕಿದೆ ಎಂದುಬಿಟ್ಟ.

ಅಂದಿನಿಂದ ಗುಟ್ಟನ್ನು ಬಚ್ಚಿಡುವುದೇ ಒಂದು ದೊಡ್ಡ ಉದ್ಯೋಗವಾಯಿತು. ಪತ್ರಿಕೆ ಓದುವುದನ್ನು ಬಿಟ್ಟು, ಈಗಿನ ಸುದ್ದಿಯಲ್ಲಿ ಸತ್ವವಿಲ್ಲ ಎಂದ. ಬೀದಿಯಲ್ಲಿ ಎದುರಾದವರೆಲ್ಲರಿಗೂ, ಪರಿಚಯವಿರಲಿ ಇಲ್ಲದಿರಲಿ, ತಾನೇ ಮೊದಲು ಕೈಯೆತ್ತಿ ನಮಸ್ಕಾರ ಹೇಳತೊಡಗಿದ. ಅವನಷ್ಟು ವಿನಯವಂತ ಬೇರೊಬ್ಬನಿಲ್ಲವೆಂದು ಹೆಸರೂ ಬಂತು. ಡಾಕ್ಟರ ಬಳಿಗೆ ಮಾತ್ರ ಹೋಗಲಿಲ್ಲ. ಪ್ರೆಸ್ಸಿನ ವಿಳಾಸ ಓದಿ ಬಂದವನು ಮತ್ತೆ ಅದೇ ಕುರ್ಚಿಯಲ್ಲಿ ಕೂತು, ಮೇಲಿನ ಆ ದೊಡ್ಡ ಅಕ್ಷರವೂ ತಿಳಿಯುತ್ತಿಲ್ಲ ಎಂದು ಯಾವ ಬಾಯಲ್ಲಿ ಹೇಳಬೇಕು? ಅದಕ್ಕಿಂತ ದೊಡ್ಡ ಹೆದರಿಕೆ ಬೇರೆಯಿತ್ತು. ಕಣ್ಣು ಹೋಯಿತೆಂದರೆ ಹದ್ದುಗಣ್ಣಿನಲ್ಲಿ ಉಳಿಯುವುದೇನು?

ಹೆಂಡತಿ ಇದಾವುದನ್ನೂ ಅರಿಯದೆ ಲ್ಯಾಪ್‌ಟಾಪಿನ ದೂರನ್ನು ನಿಜವೆಂದೇ ನಂಬಿದಳು. ಅವಳು ಬಟ್ಟೆ ಹೊಲಿಯುತ್ತಿದ್ದಳು. ಹಾಸಿಗೆಗೂ ಬೀರುವಿಗೂ ನಡುವೆ ಸಿಕ್ಕಿಸಿದ ಹೊಲಿಗೆ ಯಂತ್ರದ ಮುಂದೆ ಕೂತರೆ ಎದ್ದೇಳಲು ಯಾರಾದರೂ ಹಾಸಿಗೆ ಸರಿಸಬೇಕಿತ್ತು. ಬೀದಿಯ ತಿರುವಿನಲ್ಲಿ, ಬೇಕರಿಯ ಪಕ್ಕ ಒಂದು ಚಿಕ್ಕ ಕೋಣೆ ಖಾಲಿಯಾಗಿತ್ತು. ಬೀದಿಗೆ ಬಾಗಿಲು, ಒಳ್ಳೆಯ ಬೆಳಕು, ಬಟ್ಟೆ ಹರವಿ ಕತ್ತರಿಸುವಷ್ಟು ಜಾಗ. ಅಂಥದೊಂದು ಕೋಣೆಯಲ್ಲಿ ಹೊಲಿಗೆ ಕಲಿಸುತ್ತೇನೆಂದು ಮದುವೆಯಾದಂದಿನಿಂದ ಹೇಳುತ್ತಿದ್ದವಳು ಕೊನೆಗೂ ಮುಂಗಡ ಕೊಡುವಷ್ಟು ಕೂಡಿಸಿಕೊಂಡಿದ್ದಳು. ಕಿಟಕಿಗೆ ಎಂಥ ಪರದೆ ಹಾಕಬೇಕೆಂಬುದೂ ತೀರ್ಮಾನವಾಗಿತ್ತು.

ಆದರೆ ತಾತನ ಕನ್ನಡಕದ ಗಲಾಟೆಯಾದ ದಿನ ಅವಳು ಬೇಕರಿಯ ಯಜಮಾನನ ಬಳಿ ಹೋಗಿ ಕೋಣೆ ಸದ್ಯಕ್ಕೆ ಬೇಡವೆಂದು ಹೇಳಿ ಬಂದಳು. ಯಜಮಾನ ಒಳ್ಳೆಯವನು, ಬೇರೆ ಯಾರೂ ಕೇಳುವವರೆಗೆ ನಿಮಗೇ ಇರಲಿ ಎಂದನಂತೆ. ಮನೆಗೆ ಬಂದು ಚಪ್ಪಲಿ ಬಿಡುತ್ತಾ ಅವಳು ಹೇಳಿದಳು: "ಮೊದಲು ನಿಮ್ಮ ಲ್ಯಾಪ್‌ಟಾಪ್ ಆಗ್ಲಿ ರೀ. ನಾನು ಹಾಸಿಗೆ ಪಕ್ಕ ಇಷ್ಟು ವರ್ಷ ಹೊಲ್ದಿಲ್ವಾ, ಇನ್ನೊಂದಷ್ಟು ದಿನ ಹೊಲೀತೀನಿ. ನೀವು ಜನರ ಹತ್ರ ಮಾತು ಕೇಳೋದು ನನಗೆ ನೋಡಕ್ಕಾಗಲ್ಲ."

ಆಗ ಅವನು ಬಾಯಿ ಬಿಡಬೇಕಿತ್ತು. ಬಾಯಿ ಬಿಟ್ಟದ್ದೂ ಹೌದು. ಹೊರಗೆ ಬಂದ ಮಾತು, "ನೋಡು, ಹೊಸದು ಬಂದ ಮೇಲೆ ಕೆಲಸ ಹೇಗೆ ಹರಿದು ಬರುತ್ತೆ ಅಂತ. ನಿನಗೆ ಒಂದು ಕೋಣೆ ಅಲ್ಲ, ಆ ಬೇಕರೀನೇ ಕೊಡಿಸ್ತೀನಿ" ಎಂಬುದು. ಅವಳು ನಕ್ಕು ಒಳಗೆ ಹೋದಳು. ಊಟಕ್ಕೆ ಕೂತಾಗ ಅವನಿಗೆ ಅನ್ನ ಇಳಿಯಲಿಲ್ಲ, ಬೆಳಿಗ್ಗೆ ತಿಂದದ್ದು ಹೆಚ್ಚಾಯಿತು ಎಂದ.

ಹೆಂಡತಿಯ ತಮ್ಮನಿಗೆ ಲ್ಯಾಪ್‌ಟಾಪ್ ಮಾರುವ, ರಿಪೇರಿ ಮಾಡುವ ಅಂಗಡಿಯಿತ್ತು. ಭಾವಮೈದನೆಂದರೆ ಎರಡು ಮಾತಿಲ್ಲದೆ ಹೊಸದೊಂದನ್ನು ಕಟ್ಟಿಕೊಡುತ್ತಾನೆಂದು ಹದ್ದುಗಣ್ಣು ಎಣಿಸಿದ್ದ. ಆ ಹುಡುಗನಿಗೆ ಮಾರುವವರಿಗೆ ಇರಬಾರದ ಒಂದು ಕೆಟ್ಟ ಗುಣವಿತ್ತು: ಕೇಳಿದವರಿಗೆ ನಿಜ ಹೇಳುವುದು. ಹಳೆಯದನ್ನು ಬಿಚ್ಚಿ, ಫ್ಯಾನಿನ ಧೂಳು ಊದಿ, ಅಲ್ಲಿ ಇಲ್ಲಿ ಒತ್ತಿ ನೋಡಿದ. ಆಮೇಲೆ ಪ್ರಶ್ನೆ ಶುರುವಾಯಿತು. ಫೋಟೋ ತೆರೆಯುವಾಗ ತಡವೋ, ಉಳಿಸುವಾಗ ತಡವೋ? ಕೆಲಸದ ಮಧ್ಯೆ ನಿಂತುಹೋಗುತ್ತದೆಯೋ? ಒಂದೇ ಸಲ ಎಷ್ಟು ಫೋಟೋ ತೆರೆದಿಟ್ಟುಕೊಳ್ಳುತ್ತೀರಿ? ಹದ್ದುಗಣ್ಣು ಎಲ್ಲದಕ್ಕೂ ಹೌದು, ಹೌದು, ಭಯಂಕರ ಎಂದ.

"ಭಾವ, ಇದರ ಪ್ರೊಸೆಸರ್ ಎಂಟನೇ ಜನರೇಷನ್. ಈಗ ನನ್ನ ಹತ್ರ ಇರೋದು ಹದಿನಾಲ್ಕನೇದು," ಎಂದ ಭಾವಮೈದ. "ನಿಮ್ಮ ಕೆಲಸಕ್ಕೆ ಅಷ್ಟೇನೂ ವ್ಯತ್ಯಾಸ ಗೊತ್ತಾಗಲ್ಲ. ವಿಡಿಯೋ ಮಾಡೋರಿಗೆ, ಗೇಮ್ ಆಡೋರಿಗೆ ಆದ್ರೆ ಸರಿ. ನೀವು ಒಂದೊಂದೇ ಫೋಟೋ ಇಟ್ಕೊಂಡು ಕೈಯಲ್ಲಿ ತಿದ್ದೋರು. ಇದಕ್ಕೇ ಸ್ವಲ್ಪ ರ‍್ಯಾಮ್ ಹಾಕ್ಸಿ, ಬ್ಯಾಟರಿ ಬದಲಾಯಿಸಿದ್ರೆ ಇನ್ನೂ ಮೂರ್ನಾಲ್ಕು ವರ್ಷ ಆರಾಮಾಗಿ ಓಡುತ್ತೆ."

ಇಂಥ ಸಿಹಿ ಸುದ್ದಿಗೆ ಹದ್ದುಗಣ್ಣಿನ ಮುಖ ಹುಳಿ ತಿಂದಂತಾಯಿತು. ಲ್ಯಾಪ್‌ಟಾಪ್ ಸರಿಯಿದೆಯೆಂದರೆ ಮುಂದಿನ ತಪ್ಪನ್ನು ಯಾರ ತಲೆಗೆ ಕಟ್ಟುವುದು? ಆರು ತಲೆಮಾರಿನ ಅಂತರವನ್ನು ರ‍್ಯಾಮಿನಲ್ಲಿ ತುಂಬುವ ಮಾತಾಡುತ್ತೀಯಲ್ಲ, ನಿನ್ನ ಮುತ್ತಜ್ಜನ ಮುತ್ತಜ್ಜನಿಗೆ ಹೊಸ ಬೂಟು ಹಾಕಿದರೆ ಓಡುತ್ತಾನೇನಪ್ಪ ಎಂದು ವಾದ ಹೂಡಿದ. ಹುಡುಗ ನಕ್ಕು, ಹಾಗಾದರೆ ಜಗಳವೇ ಬೇಡ, ಹೊಸದೊಂದನ್ನು ನಿಮ್ಮ ಮನೆಗೇ ತರುತ್ತೇನೆ, ಒಂದೇ ಫೋಟೋವನ್ನು ಎರಡರಲ್ಲೂ ತೆರೆದು ನೋಡೋಣ, ನಿಮ್ಮ ಕಣ್ಣೇ ತೀರ್ಪು ಹೇಳಲಿ ಎಂದ. ತನ್ನ ಕಣ್ಣಿನ ಮೇಲೆ ಹುಡುಗ ಇಟ್ಟ ನಂಬಿಕೆಗೆ ಹದ್ದುಗಣ್ಣಿನ ಬೆನ್ನಿನಲ್ಲಿ ಬೆವರು ಇಳಿಯಿತು.

ಅದೇ ವಾರ ಅವನ ಮೇಜಿನ ಮೇಲೆ ಫೋನಮ್ಮನ ಫೋಟೋ ಇತ್ತು. ಫೋನಮ್ಮ ಎಂದರೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಹೆಂಗಸು. ಈಗಲೂ ಯಾರಾದರೂ ಕೂಗಿದರೆ "ಹೇಳಿ" ಎಂದು ಅವರು ಓಗೊಡುವ ರೀತಿಗೆ ಎದುರಿನವರು ನಂಬರು ಹೇಳಬೇಕೇನೋ ಎಂದು ತಡವರಿಸುತ್ತಿದ್ದರು. ಅವರು ತಂದುಕೊಟ್ಟದ್ದು ಎಕ್ಸ್‌ಚೇಂಜಿನ ಕಟ್ಟಡದ ಮುಂದೆ ಸಾಲಾಗಿ ನಿಂತ ಹುಡುಗಿಯರ ಗುಂಪು ಫೋಟೋ. ಒಂದು ಮೂಲೆ ಹರಿದಿತ್ತು. ತೇವಕ್ಕೆ ಬೂಷ್ಟು ಹಿಡಿದು ಮೇಲೆಲ್ಲ ಬೂದು ಚುಕ್ಕೆಗಳಾಗಿದ್ದವು. ಯಾರನ್ನೂ ಬಿಡಬೇಡಿ ಎಂದಿದ್ದರು ಫೋನಮ್ಮ. ನಮ್ಮ ಅಕ್ಕ ಮೇಲೆ... ಎಂದು ಇನ್ನೇನೋ ಹೇಳಲು ಹೊರಟಿದ್ದರು. ಅಷ್ಟರಲ್ಲಿ ಹದ್ದುಗಣ್ಣಿಗೆ ತನ್ನ ವಿಮಾನದ ಕಥೆ ಬಾಯಿಗೆ ಬಂದಿತ್ತು. ವಿಮಾನ ಇಳಿಯುವ ಹೊತ್ತಿಗೆ ಅವರು ನಗುತ್ತಾ ಎದ್ದು ಹೋಗಿದ್ದರು.

ಆ ಫೋಟೋವನ್ನು ಅವನು ಸ್ಕ್ಯಾನ್ ಮಾಡಿ, ಮೂಗು ಪರದೆಗೆ ತಗುಲುವಷ್ಟು ಬಗ್ಗಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿದ್ದಿದ. ಮುಖಗಳನ್ನು ಮುಟ್ಟಲಿಲ್ಲ, ಅಷ್ಟು ಪಾಠ ಕಲಿತಿದ್ದ. ಹಿಂದಿನ ಗೋಡೆಯ ಚುಕ್ಕೆಗಳನ್ನು ಒಂದೊಂದಾಗಿ ಅಳಿಸುತ್ತಾ ಮೇಲಂತಸ್ತಿನ ಕಿಟಕಿಗಳವರೆಗೆ ಬಂದ. ಒಂದು ಕಿಟಕಿಯ ಕತ್ತಲಲ್ಲಿ ಎಳ್ಳಿನಷ್ಟು ಬೂದು ಕಲೆಯಿತ್ತು. ಮೌಸ್ ಅಲ್ಲಿ ನಿಂತಿತು. ಹಿಗ್ಗಿಸಿದ, ಕಲೆ ದೊಡ್ಡದಾಯಿತು, ಮಂಜೂ ದೊಡ್ಡದಾಯಿತು. ಬೂಷ್ಟೋ ಬೇರೇನೋ? ಒಳಗೆ ಹೊಲಿಗೆ ಯಂತ್ರ ಗರ್ರೆನ್ನುತ್ತಿತ್ತು. ಒಂದು ಕೂಗು ಕೂಗಿದರೆ ಹೆಂಡತಿ ಬಂದು ನೋಡಿ ಹೇಳುತ್ತಿದ್ದಳು. ಕೂಗಿದರೆ, ನಿಮಗೆ ಕಾಣಲ್ವಾ ಎನ್ನುತ್ತಿದ್ದಳು. ಅವನು ಕೂಗಲಿಲ್ಲ. ಕಲೆಯನ್ನು ಒರೆಸಿಬಿಟ್ಟ. ಕಿಟಕಿ ಚೊಕ್ಕಟವಾಗಿ ಕಪ್ಪಾಯಿತು.

ಭಾವಮೈದ ಹೊಸ ಲ್ಯಾಪ್‌ಟಾಪ್ ತಂದ ದಿನ ಊಟದ ಮೇಜನ್ನು ಒರೆಸಿ ಎರಡನ್ನೂ ಅಕ್ಕಪಕ್ಕ ಇಟ್ಟರು. ಹೊಸದು ತಟ್ಟೆಯಷ್ಟು ತೆಳ್ಳಗಿತ್ತು. ಹೆಂಡತಿ ಕೈಯನ್ನು ಸೀರೆಗೆ ಒರೆಸಿಕೊಂಡು ಅದರ ಮುಚ್ಚಳ ಮುಟ್ಟಿ ನೋಡಿದಳು. ಗುಂಡಿ ಒತ್ತಿದ್ದೇ ತಡ, ಮೇಜಿನ ಮೇಲೆ ಬೆಳಕು ಚೆಲ್ಲಿತು.

ಹದ್ದುಗಣ್ಣು ಅದರ ಮುಂದೆ ಕುಳಿತ. ಹೊಸ ಪರದೆ ಎಷ್ಟು ನಯವೆಂದರೆ ಅದರಲ್ಲಿ ಎಲ್ಲವೂ ಚಿಕ್ಕದಾಗಿತ್ತು. ಅಕ್ಷರಗಳು ಇರುವೆಗಳಾಗಿದ್ದವು, ಹಳೆಯದರಲ್ಲಿ ಜಾಗ ನೆನಪಿಟ್ಟುಕೊಂಡು ಒತ್ತುತ್ತಿದ್ದ ಗುಂಡಿಗಳೆಲ್ಲ ಸಾಸಿವೆ ಕಾಳುಗಳಾಗಿ ಬೇರೆಲ್ಲೋ ಚದುರಿದ್ದವು. ಉಳಿಸಲು ಹೋಗಿ ಮುಚ್ಚಿದ. ಮುಚ್ಚಿದ್ದನ್ನು ತೆರೆಯಲು ಹೋಗಿ ಏನೋ ಹಾಡು ಶುರುಮಾಡಿದ. "ವೇಗ ಜಾಸ್ತಿ ಇದೆ ನೋಡಪ್ಪ," ಎಂದ, "ನಾನು ಯೋಚ್ನೆ ಮಾಡೋಕೆ ಮುಂಚೇನೇ ಮಾಡ್ಬಿಡುತ್ತೆ." ಹುಡುಗ ಹಾಡು ನಿಲ್ಲಿಸಿದ. ಭಾವನ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದ.

ಚಿತ್ರ ಸೊಗಸಾಗಿದೆಯಾ, ಬಣ್ಣ ಹೇಗಿದೆ ಎಂದು ಹೆಂಡತಿ ಕೇಳಿದಳು. ಬಣ್ಣವೆಂದರೆ ಇದು, ಇಷ್ಟು ದಿನ ತಾನು ಕುರುಡನ ಬಾಳು ಬಾಳಿದೆ ಎಂದುಬಿಟ್ಟ. ಹೇಳಿದ ಮೇಲೆ ಆ ಮಾತು ಅವನ ಕಿವಿಗೇ ಚುಚ್ಚಿತು. ಅವಳು ತಮ್ಮನ ಕಡೆ ತಿರುಗಿ, ಸರಿ ಹಾಗಾದರೆ, ಇದನ್ನೇ ಇಟ್ಟುಕೊಳ್ಳುತ್ತೇವೆ ಎಂದಳು. ಬೇಕರಿಯವನಿಗೆ ಇನ್ನು ಕಾಯಬೇಡಿ, ಬೇರೆಯವರಿಗೆ ಕೊಟ್ಟುಬಿಡಿ ಎಂದು ನಾಳೆಯೇ ಹೇಳಿ ಬರಬೇಕು ಎಂದೂ ಸೇರಿಸಿದಳು. ಅಂಗಡಿಗೆ ಉಪ್ಪು ತರಲು ಹೋಗುವಾಗ ಹೇಳುವಂಥ ದನಿಯಲ್ಲಿ ಹೇಳಿದಳು. ಹದ್ದುಗಣ್ಣು ಪರದೆ ನೋಡುವವನಂತೆ ತಲೆ ತಗ್ಗಿಸಿದ.

ಆ ಹೊತ್ತಿಗೆ ಬಾಗಿಲಲ್ಲಿ ಫೋನಮ್ಮ ನಿಂತಿದ್ದರು. ಅವರ ಫೋಟೋ ಅಚ್ಚಾಗಿ ಚೌಕಟ್ಟು ಹಾಕಿ ಸಿದ್ಧವಾಗಿತ್ತು. ಹೆಂಡತಿ ಅವರನ್ನು ಕೂರಿಸಿ ಚೌಕಟ್ಟನ್ನು ಕೈಗೆ ಕೊಟ್ಟಳು. ಅವರು ಮೊದಲು ಎಲ್ಲ ಹುಡುಗಿಯರ ಮೇಲೂ ಬೆರಳಾಡಿಸಿದರು. ಇವಳು ಬೈಗುಳ ಬಿಟ್ಟರೆ ಬೇರೆ ಆಡುತ್ತಿರಲಿಲ್ಲ, ಇವಳು ಗಂಡನ ಕರೆ ಬಂದರೆ ಬೇಕೆಂದೇ ತಪ್ಪು ನಂಬರಿಗೆ ಜೋಡಿಸುತ್ತಿದ್ದಳು ಎಂದು ನಕ್ಕರು. ಆಮೇಲೆ ಬೆರಳು ಮೇಲಕ್ಕೆ ಹೋಯಿತು. ಅಲ್ಲೇ ನಿಂತಿತು. ಚೌಕಟ್ಟನ್ನು ಬೆಳಕಿಗೆ ಹಿಡಿದರು, ಓರೆ ಮಾಡಿದರು, ತಮ್ಮ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದರು.

"ನಮ್ಮ ಅಕ್ಕ ಎಲ್ಲಿ?"

ಯಾರಿಗೂ ಅರ್ಥವಾಗಲಿಲ್ಲ. ಫೋನಮ್ಮ ಮೆಲ್ಲಗೆ ಬಿಡಿಸಿ ಹೇಳಿದರು. ಎಲ್ಲರೂ ಫೋಟೋಗೆ ಇಳಿದು ಬಂದರೆ ಊರಿನ ಫೋನುಗಳನ್ನು ಜೋಡಿಸುವವರು ಯಾರು? ಒಬ್ಬಳು ಮೇಲೆ ಉಳಿಯಬೇಕಿತ್ತು. ಫೋಟೋ ಎಂದರೆ ಓಡಿಹೋಗುತ್ತಿದ್ದ ಅಕ್ಕ ತಾನೇ ಉಳಿಯುತ್ತೇನೆಂದಳು. ಫೋಟೋ ತೆಗೆಯುವ ಹೊತ್ತಿಗೆ ಮಾತ್ರ ಮನಸ್ಸು ತಡೆಯದೆ ಕಿಟಕಿಯಿಂದ ಇಣುಕಿದಳು. ಅವಳಿಗೆ ಬೇರೆ ಫೋಟೋ ಇಲ್ಲ. ಅವಳು ಹೋಗಿ ಎಷ್ಟೋ ಕಾಲವಾಯಿತು. ಇಷ್ಟೇ ಇಷ್ಟು ಮುಖ, ಇದೊಂದೇ.

ಹದ್ದುಗಣ್ಣಿನ ಕಿವಿ ಕಾದ ಹಂಚಿನಂತಾಯಿತು. ಎಳ್ಳಿನಷ್ಟು ಬೂದು ಕಲೆ ಅವನ ಕಣ್ಣ ಮುಂದೆ ಬಂತು. ಈಗ ಅದಕ್ಕೆ ಮೂಗು, ಬಾಯಿ, ನಗು ಎಲ್ಲ ಇತ್ತು. ಅಲ್ಲೇ ಭೂಮಿ ಬಾಯ್ಬಿಟ್ಟಿದ್ದರೆ ಅವನು ಮೇಜು ಕುರ್ಚಿ ಸಮೇತ ಒಳಗೆ ಇಳಿಯುತ್ತಿದ್ದ. ಭೂಮಿ ಬಾಯಿ ಬಿಡಲಿಲ್ಲ, ಅವನ ಬಾಯಿ ಬಿಟ್ಟಿತು.

"ಇದೇ ಅಮ್ಮ, ಇದೇ ನಾನು ಹೇಳ್ತಿದ್ದಿದ್ದು. ಈ ಹಳೇ ಲ್ಯಾಪ್‌ಟಾಪ್ ಮಾಡಿದ ಕೆಲಸ ನೋಡಿ. ಪರದೆ ಏನೂ ತೋರಿಸಲ್ಲ, ನಾನೇನ್ ಮಾಡ್ಲಿ? ಅದಕ್ಕೇ ಹೊಸದು ತಗೊಂಡಿರೋದು. ಇದರಲ್ಲಿ ನೋಡಿ ಈಗ."

ಭಾವಮೈದ, ತಿದ್ದುವ ಮೊದಲಿನ ಸ್ಕ್ಯಾನನ್ನು ಹಳೆಯದರಿಂದ ತಂದು ಹೊಸ ಪರದೆಯಲ್ಲಿ ತೆರೆದ. ಫೋನಮ್ಮ ಬಗ್ಗಿ ನೋಡಿ, "ಅಗೋ," ಎಂದರು. ಹೆಂಡತಿ ಬಗ್ಗಿ ನೋಡಿದಳು. ಅಯ್ಯೋ, ಕಿವಿಗೆ ಫೋನೂ ಹಾಕಿಕೊಂಡಿದ್ದಾರಲ್ಲ, ನಗುತ್ತಿದ್ದಾರೆ ಎಂದಳು. ಭಾವಮೈದನೂ ಕಂಡ. ಎಲ್ಲರೂ ಹದ್ದುಗಣ್ಣಿನ ಕಡೆ ತಿರುಗಿದರು, ಅವನೂ ನೋಡಿ ಸಂತೋಷಪಡಲಿ ಎಂಬಂತೆ.

ಅವನು ನೋಡಿದ. ಮಂಜಿನೊಳಗೆ ಒಂದು ಕಟ್ಟಡ, ಅದರಲ್ಲಿ ಕಪ್ಪಗೆ ನಾಲ್ಕೈದು ಕಿಟಕಿಗಳು. ಯಾವ ಕಿಟಕಿಯನ್ನು ಒರೆಸಿದ್ದೆನೆಂದು ನೆನಪಿಸಿಕೊಳ್ಳಲು ಹೋದ. ಹಳೆಯ ಪರದೆಯಲ್ಲಿ ಅದು ಎಡಗಡೆ ಎಲ್ಲೋ ಇತ್ತು.

"ಆಹಾ," ಎಂದ. "ಕನ್ನಡಿಯಲ್ಲಿ ನೋಡಿದ ಹಾಗಿದೆ. ಹಲ್ಲು ಕೂಡ ಎಣಿಸಬಹುದು. ಇಗೋ, ಇಲ್ಲಿ." ಎಂದು ಬೆರಳಿಟ್ಟ.

ಬಗ್ಗಿ ನೋಡುತ್ತಿದ್ದವರೆಲ್ಲ ನೆಟ್ಟಗಾದರು. ಬೇಕರಿಯ ಕಡೆಯಿಂದ ತಟ್ಟೆಗಳ ಸದ್ದು ಕೇಳಿಸಿತು. ತನ್ನ ಬೆರಳ ಕೆಳಗೆ ಏನಿದೆಯೆಂದು ಅವನಿಗೆ ಕಾಣಲಿಲ್ಲ, ಆದರೆ ಏನಿಲ್ಲವೆಂಬುದು ಗೊತ್ತಾಯಿತು.

"ಅಲ್ಲಿ ಬರೀ ಗೋಡೆ ಇದೆ ತಮ್ಮಾ," ಎಂದರು ಫೋನಮ್ಮ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಭಾವಮೈದ ಹಳೆಯ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು ಅದರಲ್ಲೂ ಅದೇ ಫೋಟೋ ತೆರೆದ. ಅದು ತೆರೆಯಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಹೆಂಡತಿ ಹೊಸದನ್ನು ನೋಡಿದಳು, ಹಳೆಯದನ್ನು ನೋಡಿದಳು. ಎರಡರಲ್ಲೂ ಅದೇ ಕಿಟಕಿ, ಅದೇ ಇಣುಕು ನೋಟ, ಅದೇ ನಗು. ಆಮೇಲೆ ಅವಳು ನಿಧಾನವಾಗಿ ತನ್ನ ಕೈಯನ್ನೆತ್ತಿ ಗಂಡನ ಮುಖದ ಮುಂದೆ, ಮೂಗಿನಿಂದ ಒಂದು ಮೊಳ ದೂರದಲ್ಲಿ ಹಿಡಿದಳು.

"ಎಷ್ಟು ಬೆರಳು?"

ಜೀವಮಾನದಲ್ಲಿ ಒಮ್ಮೆಯೂ ಅವನ ನಾಲಿಗೆ ಅವನ ಕೈ ಬಿಟ್ಟಿರಲಿಲ್ಲ. ಎಷ್ಟು ಬೆರಳೆಂದು ಊಹಿಸಬಹುದಿತ್ತು. ಬೆರಳು ಬಿಡು, ಉಗುರಿನ ಕೆಳಗಿನ ದಾರದ ಎಳೆ ಯಾವ ಬಣ್ಣದ್ದೆಂದು ಹೇಳುತ್ತೇನೆ ಎನ್ನಬಹುದಿತ್ತು. ಮಾತು ತುಟಿಯವರೆಗೂ ಬಂತು. ಮುಂದಿದ್ದದ್ದು ಹೆಂಡತಿಯ ಕೈ. ಮಂಜಿನಲ್ಲಿ ಅದರ ಅಂಚು ಅಳಿಸಿತ್ತು, ಆದರೆ ಅದು ನಡುಗುತ್ತಿದೆ ಎಂಬುದು ಅವನಿಗೂ ಕಂಡಿತು.

"ಗೊತ್ತಿಲ್ಲ," ಎಂದ.

ಅವಳು ಕೈ ಇಳಿಸಲಿಲ್ಲ. "ಯಾವಾಗಿಂದ?"

"ಬಹಳ ದಿನ ಆಯ್ತು. ಲ್ಯಾಪ್‌ಟಾಪಿಗೆ ಏನೂ ಆಗಿಲ್ಲ, ನನಗೇ ಕಾಣ್ಸಲ್ಲ." ಅವನ ದನಿ ಅವನಿಗೇ ಅಪರಿಚಿತವಾಗಿ, ಸಣ್ಣದಾಗಿ ಕೇಳಿಸಿತು. ಫೋನಮ್ಮನಿದ್ದಾರೆಂದು ತಿಳಿದ ದಿಕ್ಕಿಗೆ ತಿರುಗಿದ. "ಅಮ್ಮ, ನಿಮ್ಮ ಅಕ್ಕನ್ನ ನಾನೇ ಒರೆಸಿದ್ದು. ಅಲ್ಲೇನೋ ಇದೆ ಅನ್ನಿಸಿತ್ತು. ಇವಳನ್ನ ಕರೆದು ಕೇಳ್ಬೋದಿತ್ತು. ಕೇಳಿದ್ರೆ ಗೊತ್ತಾಗ್ಬಿಡುತ್ತೆ ಅಂತ ಒರೆಸಿಬಿಟ್ಟೆ."

ಫೋನಮ್ಮ ಚೌಕಟ್ಟನ್ನು ಮಡಿಲಲ್ಲಿ ಮಗುಚಿಟ್ಟುಕೊಂಡರು. ಭಾವಮೈದ ಹೊಸ ಲ್ಯಾಪ್‌ಟಾಪಿನ ಮುಚ್ಚಳವನ್ನು ಸದ್ದಾಗದಂತೆ ಮುಚ್ಚಿದ. ಮೇಜಿನ ಮೇಲಿನ ಬೆಳಕು ಅರ್ಧವಾಯಿತು. ಇಷ್ಟಕ್ಕೆ ನಿಲ್ಲಿಸಿದ್ದರೆ ಕಾಯಿಲೆಯ ಮನುಷ್ಯನೆಂದು ಎಲ್ಲರೂ ಮರುಗುತ್ತಿದ್ದರು, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆ ದಾರಿಯೂ ಅವನಿಗೆ ಗೊತ್ತಿತ್ತು.

ಅವನು ಹೆಂಡತಿಯ ಕೈಯನ್ನು ಹುಡುಕಿ ಹಿಡಿದು ಕೆಳಗಿಳಿಸಿದ. ಅವಳ ಮುಖ ಎಲ್ಲಿದೆಯೆಂದು ತಿಳಿದರೂ ಅಲ್ಲಿಗೆ ನೋಡಲಾರದೆ, ಮೇಜಿನ ಮರಕ್ಕೆ ಹೇಳಿದಂತೆ ಹೇಳಿದ:

"ನೀನು ಕೋಣೆ ಬೇಡ ಅಂತ ಹೇಳಿ ಬಂದು ಚಪ್ಪಲಿ ಬಿಡ್ತಿದ್ದೆಯಲ್ಲ, ಆಗ್ಲೂ ನನಗೆ ಗೊತ್ತಿತ್ತು. ಈಗ, ಬೇರೆಯವರಿಗೆ ಕೊಡಿ ಅಂತ ಹೇಳ್ತೀನಿ ಅಂದಾಗ್ಲೂ ಗೊತ್ತಿತ್ತು. ಸುಮ್ನೆ ಇದ್ದೆ."